ಗಣಿ ತೋಡದೆ ಯುರೇನಿಯಂ

ಫಿಲ್ಟರಿನಲ್ಲಿ ಕಾಫಿಪುಡಿ ಹಾಕಿ ಬಿಸಿನೀರು ಸುರಿದರೆ ಡಿಕಾಕ್ಷನ್ ಕೆಳಗಿಳಿಯುತ್ತದೆ, ಚರಟ ಮೇಲೆಯೇ ಉಳಿಯುತ್ತದೆ. ನೆಲದಾಳದ ಯುರೇನಿಯಂ ಅನ್ನೂ ಹೀಗೆ ಕರಗಿಸಿ ತೆಗೆಯಬಹುದೇ? ಖಂಡಿತ. ಇಂದು ಜಗತ್ತಿನ ಯುರೇನಿಯಂನಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಸಿಗುವುದು ಹೀಗೆಯೇ.

1960ರ ದಶಕದ ಆರಂಭದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳಲ್ಲಿ ಈ ವಿಧಾನದ ಪ್ರಯೋಗಗಳು ಬೇರೆಬೇರೆಯಾಗಿ ನಡೆದವು. ಸಾಲಾಗಿ ಕೊರೆದ ಕೊಳವೆ ಬಾವಿಗಳ ಮೂಲಕ ದ್ರಾವಣವನ್ನು ಅದಿರಿನ ಪದರಕ್ಕೆ ಇಳಿಸುತ್ತಾರೆ. ಅದು ಯುರೇನಿಯಂ ಕರಗಿಸಿಕೊಂಡು ಪಕ್ಕದ ಬಾವಿಯತ್ತ ಹರಿಯುತ್ತದೆ. ಅಲ್ಲಿಂದ ಪಂಪಿನಲ್ಲಿ ಮೇಲೆತ್ತಿ, ರಾಳದ ಮಣಿಗಳ ನಡುವೆ ಹಾಯಿಸಿದರೆ ಯುರೇನಿಯಂ ಮಣಿಗಳಿಗೆ ಅಂಟಿಕೊಳ್ಳುತ್ತದೆ. ಉಳಿದ ದ್ರಾವಣ ಮತ್ತೆ ನೆಲದೊಳಕ್ಕೆ. ಸುರಂಗವಿಲ್ಲ, ಸ್ಫೋಟವಿಲ್ಲ, ಕಲ್ಲುಪುಡಿಯ ಗುಡ್ಡವೂ ಇಲ್ಲ.

ಆದರೆ ಎಲ್ಲ ಅದಿರಿಗೂ ಇದು ಒಗ್ಗದು. ಅದಿರು ನೀರು ಹಾಯುವ ಮರಳುಗಲ್ಲಿನಲ್ಲಿರಬೇಕು, ಅಂತರ್ಜಲದಲ್ಲಿ ಮುಳುಗಿರಬೇಕು, ಮೇಲೂ ಕೆಳಗೂ ನೀರು ಬಿಡದ ಜೇಡಿಪದರವಿದ್ದರೆ ಒಳ್ಳೆಯದು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಪತ್ತೆಯಾದ ಅದಿರು ಸುಣ್ಣಕಲ್ಲು ಮತ್ತು ಗ್ರಾನೈಟಿನಲ್ಲಿರುವುದರಿಂದ ಅಲ್ಲಿಗೆ ಈ ವಿಧಾನ ಸಲ್ಲದು. ಸುಣ್ಣಕಲ್ಲಿನ ಮೇಲೆ ಆಮ್ಲ ಬಿದ್ದರೆ ನೊರೆಯೇಳುವುದನ್ನು ವಿದ್ಯಾರ್ಥಿಗಳು ಶಾಲೆಯಲ್ಲಿ ನೋಡಿರುತ್ತಾರೆ. ಸುಣ್ಣ ಹೆಚ್ಚಿರುವ ಕಡೆ ಆಮ್ಲವೆಲ್ಲ ಅದಕ್ಕೇ ವ್ಯಯವಾಗುತ್ತದೆ. ಆದ್ದರಿಂದ ಅಮೆರಿಕದಲ್ಲಿ ಆಮ್ಲದ ಬದಲು ಕಾರ್ಬೊನೇಟ್ ಲವಣ ಮತ್ತು ಆಮ್ಲಜನಕ ಬಳಸುತ್ತಾರೆ. ಕಜಾಕಿಸ್ತಾನದಲ್ಲಿ ಗಂಧಕಾಮ್ಲವೇ ಸಾಧನ. 2009ರಲ್ಲಿ ಯುರೇನಿಯಂ ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲನೆಯದಾದ ಆ ದೇಶ ಇಂದಿಗೂ ಆ ಸ್ಥಾನದಲ್ಲಿದೆ.

ಹಾಗಾದರೆ ಇದರಿಂದ ತೊಂದರೆಯೇ ಇಲ್ಲವೇ? ಜೆಕ್ ಗಣರಾಜ್ಯದ ಸ್ಟ್ರಾಜ್ ಪಟ್ಟಣದ ಅನುಭವ ಬೇರೆಯೇ ಹೇಳುತ್ತದೆ. ಅಲ್ಲಿ 1960ರ ದಶಕದ ಕೊನೆಯಿಂದ 1996ರವರೆಗೆ ನೆಲದೊಳಕ್ಕೆ ಇಳಿಸಿದ ಗಂಧಕಾಮ್ಲ 40 ಲಕ್ಷ ಟನ್ನಿಗೂ ಹೆಚ್ಚು. ದೊರೆತ ಯುರೇನಿಯಂ ಸುಮಾರು 15 ಸಾವಿರ ಟನ್. ಪಕ್ಕದಲ್ಲೇ ಹಾಮ್ರ್ ಎಂಬ ಆಳದ ಗಣಿಯೂ ಇತ್ತು. ಅದನ್ನು ಒಣಗಿಸಲು ಸದಾ ನೀರು ಹೊರಹಾಕುತ್ತಿದ್ದುದರಿಂದ ಅಂತರ್ಜಲದ ಸಹಜ ಹರಿವೇ ಬದಲಾಯಿತು. ಬಾವಿಗಳ ಎಲ್ಲೆಯೊಳಗೆ ನಿಲ್ಲಬೇಕಿದ್ದ ಆಮ್ಲ ಆಚೆಗೂ ಹರಡಿತು. ಅದಿರಿನ ಪದರದ ಮೇಲೆ ಇರುವುದು ಕುಡಿಯುವ ನೀರಿನ ಪದರ.

ಈಗ ಅಲ್ಲಿ ಆಮ್ಲ ಬೆರೆತ ನೀರನ್ನು ಮೇಲೆತ್ತಿ, ಕುದಿಸಿ ಆವಿಯಾಗಿಸಿ, ಲವಣಗಳನ್ನು ಬೇರ್ಪಡಿಸುತ್ತಾರೆ. ಅದರಿಂದ ಪಟಿಕವೂ ಸಿಗುತ್ತದೆ. 1996ರಲ್ಲಿ ಆರಂಭವಾದ ಈ ಕೆಲಸ ಇನ್ನೂ ಮುಗಿದಿಲ್ಲ.

ಅಮೆರಿಕದಲ್ಲಿ ಗಣಿಯ ಸುತ್ತ ಕಾವಲು ಬಾವಿಗಳನ್ನು ತೋಡಿ, ದ್ರಾವಣ ಹೊರಬಂತೇ ಎಂದು ಆಗಾಗ ನೀರನ್ನು ಪರೀಕ್ಷಿಸುತ್ತಾರೆ. ಒಳಗೆ ಇಳಿಸಿದ್ದಕ್ಕಿಂತ ತುಸು ಹೆಚ್ಚೇ ನೀರನ್ನು ಮೇಲೆತ್ತುತ್ತಾರೆ. ಆಗ ಸುತ್ತಲಿನ ನೀರು ಒಳಕ್ಕೇ ಹರಿಯುತ್ತದೆ. ನೆಲದ ಮೇಲೆ ಗುಡ್ಡ ಕಾಣದಿದ್ದ ಮಾತ್ರಕ್ಕೆ ಗಣಿ ನಿರಪಾಯವೆನ್ನಲಾಗದು. ಅದರ ಲೆಕ್ಕ ಬಾವಿಯ ನೀರಿನಲ್ಲಿರುತ್ತದೆ.