ಬೊಜ್ಜು ಕುರಿತ ಆಪ್ತಸಮಾಲೋಚನೆಯಲ್ಲಿ ವೈದ್ಯರ ತರಬೇತಿ

ಬೊಜ್ಜು ಕುರಿತ ಆಪ್ತಸಮಾಲೋಚನೆಯಲ್ಲಿ ವೈದ್ಯರ ತರಬೇತಿ ಎಂದರೆ ದೇಹದ ತೂಕ ಹೆಚ್ಚಿರುವ ರೋಗಿಯೊಡನೆ ಆಹಾರ, ದೈಹಿಕ ಚಟುವಟಿಕೆ ಮತ್ತು ತೂಕ ಇಳಿಕೆಯ ಬಗ್ಗೆ ನಿಂದಿಸದೆ, ಗೌರವದಿಂದ ಮಾತನಾಡುವ ಕೌಶಲವನ್ನು ವೈದ್ಯರಿಗೂ ವೈದ್ಯಕೀಯ ವಿದ್ಯಾರ್ಥಿಗಳಿಗೂ ಕಲಿಸುವ ಶಿಕ್ಷಣಕ್ರಮ. ಭಾರತದಲ್ಲಿ ಇದು 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಸೇರಿದೆ. ಕರ್ನಾಟಕದ ಚಿತ್ರದುರ್ಗ ಜಿಲ್ಲೆಯಂತಹ ಕೃಷಿಪ್ರಧಾನ ಪ್ರದೇಶಗಳಲ್ಲಿ ಈ ಸಲಹೆಯು ಸ್ಥಳೀಯ ಊಟ ಮತ್ತು ದುಡಿಮೆಗೆ ಹೊಂದಿಕೊಳ್ಳಬೇಕಾಗುತ್ತದೆ.

ಹಿನ್ನೆಲೆ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಶೇ. 30.1ರಷ್ಟು ಮಹಿಳೆಯರು ಮತ್ತು ಶೇ. 30.9ರಷ್ಟು ಪುರುಷರು ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದರು. ಹಿಂದಿನ ಸಮೀಕ್ಷೆಯಲ್ಲಿ (2015–16) ಈ ಪ್ರಮಾಣ ಕ್ರಮವಾಗಿ ಶೇ. 23.3 ಮತ್ತು ಶೇ. 22.1 ಆಗಿತ್ತು. ಐದನೆಯ ಸಮೀಕ್ಷೆಯಲ್ಲಿ ರಾಜ್ಯದ ಶೇ. 17.2ರಷ್ಟು ಮಹಿಳೆಯರು ಕಡಿಮೆ ತೂಕದವರಾಗಿದ್ದರು. ಆದುದರಿಂದ ಒಂದೇ ಆಸ್ಪತ್ರೆಯ ವೈದ್ಯರು ಎರಡು ವಿರುದ್ಧ ಬಗೆಯ ಸಲಹೆ ನೀಡಬೇಕಾದ ಸಂದರ್ಭವಿದೆ.

ಮಾಪನ

ವಿಶ್ವ ಆರೋಗ್ಯ ಸಂಸ್ಥೆಯು ದೇಹ ದ್ರವ್ಯರಾಶಿ ಸೂಚ್ಯಂಕ 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೊಜ್ಜು ಎನ್ನುತ್ತದೆ. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಮತ್ತು ಹೃದ್ರೋಗಗಳ ಅಪಾಯ ಹೆಚ್ಚುವುದರಿಂದ, 2009ರ ಭಾರತೀಯ ತಜ್ಞರ ಒಮ್ಮತದ ಹೇಳಿಕೆಯು 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು ನಿಗದಿಪಡಿಸಿತು. ಸೊಂಟದ ಸುತ್ತಳತೆಯ ಮಿತಿ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಭರ್ತಿ ಮಾಡುವ ಅಸಾಂಕ್ರಾಮಿಕ ರೋಗಗಳ ಅಪಾಯ ಪರಿಶೀಲನಾ ನಮೂನೆಯಲ್ಲಿಯೂ ಸೊಂಟದ ಅಳತೆ ಸೇರಿದೆ.

ಪಠ್ಯಕ್ರಮ

ಭಾರತೀಯ ವೈದ್ಯಕೀಯ ಪರಿಷತ್ತು 2019ರಲ್ಲಿ ಜಾರಿಗೊಳಿಸಿದ ಸಾಮರ್ಥ್ಯ ಆಧಾರಿತ ಪಠ್ಯಕ್ರಮದ ಸಾಮಾನ್ಯ ವೈದ್ಯಶಾಸ್ತ್ರ ವಿಭಾಗದಲ್ಲಿ ಬೊಜ್ಜು ಒಂದು ಪ್ರತ್ಯೇಕ ಅಧ್ಯಾಯವಾಗಿದೆ. ಸಲಹೆಯನ್ನು ಪಾಲಿಸಲಾಗದ ರೋಗಿಯ ಕಷ್ಟವನ್ನು ಅರಿತು, ತಪ್ಪು ಹೊರಿಸದೆ ಸಮಾಲೋಚಿಸುವುದು ಅದರಲ್ಲಿ ವಿದ್ಯಾರ್ಥಿ ಸಾಧಿಸಬೇಕಾದ ಸಾಮರ್ಥ್ಯಗಳಲ್ಲೊಂದು. ಚಿತ್ರದುರ್ಗದ ಬಸವೇಶ್ವರ ವೈದ್ಯಕೀಯ ಮಹಾವಿದ್ಯಾಲಯ ಸೇರಿದಂತೆ ದೇಶದ ಎಲ್ಲ ವೈದ್ಯಕೀಯ ಕಾಲೇಜುಗಳಿಗೆ ಈ ಪಠ್ಯಕ್ರಮ ಅನ್ವಯಿಸುತ್ತದೆ. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ವರ್ಷಗಳ ಕಾಲ ಗಮನಿಸುವ ಕುಟುಂಬ ದತ್ತು ಕಾರ್ಯಕ್ರಮವು ಈ ಕೌಶಲದ ಅಭ್ಯಾಸಕ್ಕೆ ಅವಕಾಶ ನೀಡುತ್ತದೆ.

ವಿಧಾನ

ತರಬೇತಿಯಲ್ಲಿ ಬಳಕೆಯಲ್ಲಿರುವ ಒಂದು ಕ್ರಮವು ಐದು ಹಂತಗಳದು: ಕೇಳುವುದು, ಅಂದಾಜಿಸುವುದು, ಸಲಹೆ ನೀಡುವುದು, ಗುರಿಯನ್ನು ಒಪ್ಪಿಕೊಳ್ಳುವುದು ಮತ್ತು ನೆರವಾಗುವುದು. ‘ಊಟ ಕಡಿಮೆ ಮಾಡಿ’ ಎಂದು ಆದೇಶಿಸುವ ಬದಲು ‘ನಿಮ್ಮ ತೂಕದ ಬಗ್ಗೆ ಸ್ವಲ್ಪ ಮಾತನಾಡಬಹುದೇ?’ ಎಂದು ಅನುಮತಿ ಕೇಳುವುದು ಮೊದಲ ಹೆಜ್ಜೆ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ ಮಂಡಿಸಿದ ಪ್ರೇರಣಾತ್ಮಕ ಸಂದರ್ಶನ ಪದ್ಧತಿಯು ಬದಲಾವಣೆಯ ಕಾರಣಗಳನ್ನು ರೋಗಿಯ ಬಾಯಿಂದಲೇ ಹೊರಡಿಸಲು ಯತ್ನಿಸುತ್ತದೆ.

ಆರಂಭದ ಗುರಿ ಸಾಮಾನ್ಯವಾಗಿ ತೂಕದ ಶೇ. 5ರಿಂದ 10ರಷ್ಟು ಇಳಿಕೆ, 80 ಕಿ.ಗ್ರಾಂ. ತೂಗುವವರಿಗೆ ಇದು 4ರಿಂದ 8 ಕಿ.ಗ್ರಾಂ. ತೂಕವೊಂದೇ ಯಶಸ್ಸಿನ ಅಳತೆಯಲ್ಲ. 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಜೀವನಶೈಲಿ ಸಲಹೆ ಪಡೆದವರ ತೂಕ ಗಮನಾರ್ಹವಾಗಿ ಇಳಿಯದಿದ್ದರೂ ಮಧುಮೇಹದ ಅಪಾಯ ಶೇ. 28.5ರಷ್ಟು ಕಡಿಮೆಯಾಯಿತು.

ಸ್ಥಳೀಯ ಸಂದರ್ಭ

ರಾಗಿಮುದ್ದೆ ತಿಂದರೆ ಬೊಜ್ಜು ಬರುವುದಿಲ್ಲವೆಂಬ ನಂಬಿಕೆ ಬಯಲುಸೀಮೆಯಲ್ಲಿ ವ್ಯಾಪಕವಾಗಿದೆ. ರಾಗಿಯಲ್ಲಿ ನಾರಿನಂಶ ಅಕ್ಕಿಗಿಂತ ಬಹಳ ಹೆಚ್ಚು. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 320, ಅಕ್ಕಿಯಲ್ಲಿ ಸುಮಾರು 355 ಕಿಲೊಕ್ಯಾಲೊರಿ ಶಕ್ತಿಯಿರುವುದರಿಂದ ಪ್ರಮಾಣವೂ ಮುಖ್ಯವಾಗುತ್ತದೆ. ಸಂಜೆಯ ಮಂಡಕ್ಕಿ-ಮೆಣಸಿನಕಾಯಿಯಲ್ಲಿ ಹಗುರವಾದ ಮಂಡಕ್ಕಿಗಿಂತ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿಯ ಬಗ್ಗೆ ವಿಚಾರಿಸುವುದು ಹೆಚ್ಚು ಉಪಯುಕ್ತ.

ದುಡಿಮೆಯೂ ಒಂದೇ ಬಗೆಯದಲ್ಲ. ಹೊಸದುರ್ಗ, ಹೊಳಲ್ಕೆರೆಗಳ ತೆಂಗು-ಅಡಿಕೆ ತೋಟಗಳಲ್ಲಿ ದಿನವಿಡೀ ದುಡಿಯುವವರಿಗೆ ‘ವಾಕಿಂಗ್ ಮಾಡಿ’ ಎಂಬ ಸಲಹೆ ಅರ್ಥಹೀನವೆನಿಸಬಹುದು. ಹಿರಿಯೂರಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಂಟೆಗಟ್ಟಲೆ ಕುಳಿತು ಲಾರಿ ಓಡಿಸುವವರಿಗೆ ಅಥವಾ ಚಿತ್ರದುರ್ಗ ನಗರದ ಅಂಗಡಿಗಳಲ್ಲಿ ಕೂರುವವರಿಗೆ ಅದೇ ಸಲಹೆ ಸೂಕ್ತವಾಗಬಹುದು. ಈ ವ್ಯತ್ಯಾಸ ತಿಳಿಯಲು ರೋಗಿಯ ದಿನಚರಿಯನ್ನು ಕೇಳುವುದೇ ದಾರಿ.

ಸವಾಲುಗಳು

ಹೊರರೋಗಿ ವಿಭಾಗದ ದಟ್ಟಣೆಯಲ್ಲಿ ಪ್ರತಿ ರೋಗಿಗೆ ದೊರೆಯುವ ಸಮಯ ಅತ್ಯಲ್ಪ. ಬೊಜ್ಜನ್ನು ಕೇವಲ ಸೋಮಾರಿತನದ ಫಲವೆಂದು ಭಾವಿಸುವ ಪೂರ್ವಗ್ರಹ ವೈದ್ಯರಲ್ಲಿಯೂ ಕಂಡುಬರುತ್ತದೆ. ಅವಮಾನಕ್ಕೊಳಗಾದ ರೋಗಿ ಮರುಭೇಟಿಯನ್ನೇ ತಪ್ಪಿಸಬಹುದು. ಮಧುಮೇಹ, ರಕ್ತದೊತ್ತಡಗಳ ಚಿಕಿತ್ಸೆಯೂ ಅದರೊಡನೆ ನಿಂತುಹೋಗುವ ಅಪಾಯವಿರುವುದರಿಂದ, ಸಂಕ್ಷಿಪ್ತ ಆದರೆ ಪುನರಾವರ್ತಿತ ಸಮಾಲೋಚನೆಗೆ ತರಬೇತಿಯಲ್ಲಿ ಒತ್ತು ನೀಡಲಾಗುತ್ತದೆ.