ಗಣಕಭಾಷೆಯ ವ್ಯಾಕರಣ ಸಭೆ

ಕಮ್ಮನಹಳ್ಳಿಯ ಮುಖ್ಯರಸ್ತೆಯಲ್ಲಿ ಸಂಜೆಯ ಹೊತ್ತು ನೂರು ಹೆಜ್ಜೆ ನಡೆದರೆ ಐದಾರು ಭಾಷೆಗಳಾದರೂ ಕಿವಿಗೆ ಬೀಳುತ್ತವೆ. ಕನ್ನಡ, ತಮಿಳು, ತೆಲುಗು, ಮಲೆಯಾಳ, ಇಂಗ್ಲಿಷುಗಳನ್ನು ಗುರುತಿಸಿ ಮುಗಿಸುವಷ್ಟರಲ್ಲಿ ಹೆಸರು ತಿಳಿಯದ ಇನ್ನೊಂದು ಪಕ್ಕದಲ್ಲೇ ಹಾದುಹೋಗಿರುತ್ತದೆ. ಮೊನ್ನೆ ಭಾನುವಾರ ಈ ಭಾಷೆಗಳ ಸಂತೆಯನ್ನು ದಾಟಿ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಅವರ ಮಗ ಇಂಜಿನಿಯರು. ರಜೆಯ ದಿನವೂ ಗಣಕಯಂತ್ರದ ಮುಂದೆ ಕುಳಿತು, ಏನನ್ನೋ ಓದುತ್ತ ಹುಬ್ಬು ಗಂಟಿಕ್ಕಿದ್ದ.

"ಕಚೇರಿಯ ಕೆಲಸವೇ?" ಎಂದೆ.

"ಅಲ್ಲ ಸಾರ್, ವ್ಯಾಕರಣದ ಜಗಳ. ನಿಮ್ಮ ವಿಷಯವೇ!" ಎಂದು ನಕ್ಕ.

ಯಂತ್ರಕ್ಕೆ ವ್ಯಾಕರಣವೇ ಎಂದು ವಾಚಕರಂತೆ ನಾನೂ ಬೆರಗಾದೆ. ಗಣಕಯಂತ್ರಕ್ಕೆ ಅಪ್ಪಣೆ ಕೊಡಲು ಮನುಷ್ಯರು ಕಟ್ಟಿಕೊಂಡ ಕೃತಕ ಭಾಷೆಗಳು ಹಲವಿವೆ. ಅವುಗಳಲ್ಲಿ ಪೈಥಾನ್ ಎಂಬುದು ಇಂದು ಬಹು ಪ್ರಸಿದ್ಧ. ನಮ್ಮ ಮನೆಗಳ ಮಕ್ಕಳು ಹನ್ನೊಂದು, ಹನ್ನೆರಡನೆಯ ತರಗತಿಗಳಲ್ಲಿ ಕಲಿಯುವುದೂ ಇದನ್ನೇ. ಆಮ್‌ಸ್ಟರ್‌ಡಾಮಿನ ಗಣಿತ ಸಂಶೋಧನ ಸಂಸ್ಥೆಯಲ್ಲಿದ್ದ ಗೀಡೋ ವಾನ್ ರೋಸಮ್ ಎಂಬ ಡಚ್ಚರವರು 1989ರ ಕ್ರಿಸ್‌ಮಸ್ ರಜೆಯಲ್ಲಿ ಇದನ್ನು ಕಟ್ಟತೊಡಗಿ, 1991ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಇದರ ಒಳಗುಟ್ಟೆಲ್ಲ ಎಲ್ಲರಿಗೂ ತೆರೆದಿದೆ. ಬೆಳೆಸಿದವರಲ್ಲಿ ಬಹುಮಂದಿ ಸಂಬಳವನ್ನು ಬಯಸದ ಸ್ವಯಂಸೇವಕರು.

ನಮ್ಮ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸುವಾಗ ಅವನ ಬೆನ್ನಿಗೆ ಪೂರ್ವಕವಿಗಳ ಪ್ರಯೋಗಗಳಿದ್ದವು. ಆಡುವವರು ಮೊದಲು, ವ್ಯಾಕರಣ ಆಮೇಲೆ. ಇಲ್ಲಿ ಕ್ರಮ ತಿರುಗುಮುರುಗು. ಸೂತ್ರ ಮೊದಲು ಹುಟ್ಟಬೇಕು. ಆಡುವವರು ಅನಂತರ ಬರುತ್ತಾರೆ. ಲಕ್ಷಾಂತರ ಜನ ಅದನ್ನು ನಂಬಿ ಬರೆದಮೇಲೆ ಸೂತ್ರವನ್ನು ಬದಲಿಸಿದರೆ ಬರೆದದ್ದೆಲ್ಲ ಕೆಡುತ್ತದೆ. 2008ರಲ್ಲಿ ಪೈಥಾನಿನ ಮೂರನೆಯ ಆವೃತ್ತಿ ಬಂದಾಗ, ಪರದೆಯ ಮೇಲೆ ಅಕ್ಷರ ಮೂಡಿಸುವ ಆಜ್ಞೆಗೆ ಆವರಣಚಿಹ್ನೆ ಕಡ್ಡಾಯವಾಯಿತು. ಇಂಥ ಕೆಲವು ತಿದ್ದುಪಡಿಗಳಿಂದಾಗಿ ಹಳೆಯದನ್ನು ಪೂರ್ತಿಯಾಗಿ ಕೈಬಿಡಲು 2020ರ ಜನವರಿ 1ರವರೆಗೆ ಕಾಯಬೇಕಾಯಿತು! ಒಂದು ಚುಕ್ಕೆಗಾಗಿ ತಿಂಗಳುಗಟ್ಟಲೆ ವಾದಿಸುವವರನ್ನು ಹುಚ್ಚರೆನ್ನುವ ಮೊದಲು ಇದನ್ನು ನೆನೆಯಬೇಕು.

ವಾದಕ್ಕೂ ಒಂದು ಪದ್ಧತಿಯಿದೆ. ಹೊಸದನ್ನು ಬಯಸುವವನು ಅದನ್ನು ಸೂಚನೆಯಾಗಿ ಬರೆದು, ಹಿರಿಯ ಸದಸ್ಯರೊಬ್ಬರ ಬೆಂಬಲದೊಡನೆ ಮುಂದಿಡಬೇಕು. ತನ್ನ ವಾದದ ಜೊತೆಗೆ ಎದುರಾಳಿಗಳ ಆಕ್ಷೇಪವನ್ನೂ ಅದರಲ್ಲೇ ದಾಖಲಿಸಬೇಕು. ತಿರಸ್ಕೃತವಾದ ಸೂಚನೆಯನ್ನೂ ಹರಿದೆಸೆಯದೆ ಕಾದಿಡುತ್ತಾರೆ. ಸೋತ ವಾದಕ್ಕೂ ಇಷ್ಟು ಮರ್ಯಾದೆ ಸಲ್ಲುವ ಸಭೆಗಳು ನಮ್ಮಲ್ಲಿ ಎಷ್ಟಿವೆ?

2007ರಲ್ಲಿ ಈ ಸಭೆಯ ಮುಂದೆ ಬಂದ 3131ನೆಯ ಸೂಚನೆ ನಮಗೆ ಸಂಬಂಧಿಸಿದ್ದು. ಲೆಕ್ಕದಲ್ಲಿ ಬರುವ ಪರಿಮಾಣಗಳಿಗೆ ಹೆಸರಿಡುವಾಗ ಇಂಗ್ಲಿಷ್ ಅಕ್ಷರಗಳೇ ಏಕೆ? ಅವರವರ ಲಿಪಿಯಲ್ಲಿ ಇಟ್ಟುಕೊಳ್ಳಲಿ ಎಂದು ಜರ್ಮನಿಯ ಮಾರ್ಟಿನ್ ಫಾನ್ ಲೋವಿಸ್ ಸೂಚಿಸಿದರು. ಒಂದು ದೇಶದವರು ಬರೆದುದನ್ನು ಇನ್ನೊಂದು ದೇಶದವರು ಓದಲಾರರು, ನೋಟಕ್ಕೆ ಒಂದೇ ಆಗಿರುವ ಬೇರೆ ಬೇರೆ ಲಿಪಿಯ ಅಕ್ಷರಗಳು ಮೋಸಕ್ಕೆ ಎಡೆಮಾಡುತ್ತವೆ ಎಂಬುದು ವಿರೋಧಿಗಳ ಮಾತು. ಇಂಗ್ಲಿಷ್ ಅರಿಯದವರಿಗೂ ಬಾಗಿಲು ತೆರೆಯಬೇಡವೇ ಎಂಬುದು ಪರವಾದಿಗಳ ಮಾತು. ಕೊನೆಗೆ ಒಪ್ಪಿಗೆ ದೊರೆಯಿತು: ಸರ್ವರಿಗೂ ಸೇರಿದ ಮೂಲಭಂಡಾರದಲ್ಲಿ ಇಂಗ್ಲಿಷ್ ಇರಲಿ, ಅವರವರ ಮನೆಯೊಳಗೆ ಅವರವರ ನುಡಿ ಇರಲಿ. ಹೀಗಾಗಿ ಇಂದು 'ಮೊತ್ತ', 'ಬಡ್ಡಿ' ಎಂದು ಕನ್ನಡದಲ್ಲೇ ಬರೆದರೆ ಯಂತ್ರ ತಕರಾರಿಲ್ಲದೆ ಒಪ್ಪುತ್ತದೆ. ಭಾಷೆಯ 35 ಮೀಸಲು ಪದಗಳು ಮಾತ್ರ ಇಂಗ್ಲಿಷಿನಿಂದ ಬಂದವೇ.

"ಹಾಗಾದರೆ ಜಗಳವೆಲ್ಲಿ?" ಎಂದೆ.

ತರುಣನು 'ರಾಜ್‌ಕುಮಾರ್' ಎಂದು ಹೆಸರಿಟ್ಟು ತೋರಿಸಿದ. ಯಂತ್ರ ನಿರಾಕರಿಸಿತು! ಕಾರಣ ಸ್ವಾರಸ್ಯವಾಗಿದೆ. ಗಣಕಯಂತ್ರದಲ್ಲಿ ಅರ್ಧಾಕ್ಷರದ ಮುಂದೆ ಇನ್ನೊಂದು ವ್ಯಂಜನ ಬಂದರೆ ಅದು ತಾನಾಗಿ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. 'ಜ'ಕಾರದ ಕೆಳಗೆ 'ಕ'ಕಾರ ಸೇರಿ 'ರಾಜ್ಕುಮಾರ್' ಆಗುತ್ತದೆ. ಅದನ್ನು ತಡೆಯಲು ಕಣ್ಣಿಗೆ ಕಾಣದ ಒಂದು ಗುರುತನ್ನು ನಡುವೆ ಇಡಬೇಕು. ಹೆಸರುಗಳಲ್ಲಿ ಆ ಗುರುತಿಗೆ ಪೈಥಾನಿನ ಸೂತ್ರ ಎಡೆಗೊಡುವುದಿಲ್ಲ. ಕಾಣದ ಗುರುತುಗಳಿಗೆ ಅನುಮತಿಯಿತ್ತರೆ ನೋಟಕ್ಕೆ ಒಂದೇ ಆದ ಎರಡು ಹೆಸರುಗಳು ಯಂತ್ರಕ್ಕೆ ಬೇರೆಬೇರೆಯಾಗುವ ಅಪಾಯ ಸುಳ್ಳಲ್ಲ. ಆದರೆ ಇಂಗ್ಲಿಷಿನವನಿಗೆ ಕಸವಾಗಿ ತೋರುವ ಗುರುತು ಕನ್ನಡಿಗನಿಗೆ ಕಾಗುಣಿತದ ಒಂದು ಭಾಗ. ಅದನ್ನು ಹೇಳಬೇಕಾದವರು ಯಾರು?

ಹೇಳುವುದು ಸುಲಭವೂ ಅಲ್ಲ. 2018ರಲ್ಲಿ, ಬೆಲೆಯನ್ನು ಕೊಡುತ್ತಲೇ ಅದನ್ನು ಬಳಸಿಕೊಳ್ಳಲು ಅನುಕೂಲವಾಗುವ := ಎಂಬ ಪುಟ್ಟ ಚಿಹ್ನೆಗಾಗಿ ನಡೆದ ವಾದ ಎಷ್ಟು ಕಹಿಯಾಯಿತೆಂದರೆ, ಅದನ್ನು ಅಂಗೀಕರಿಸಿದ ಮೇಲೆ ಸ್ವತಃ ವಾನ್ ರೋಸಮ್ ಅವರೇ ಬೇಸತ್ತು ಜುಲೈ 12ರಂದು ನಿರ್ಣಾಯಕನ ಪೀಠದಿಂದ ಇಳಿದರು. ಉತ್ತರಾಧಿಕಾರಿಯನ್ನೂ ನೇಮಿಸಲಿಲ್ಲ. ಸದಸ್ಯರೇ ಕಲೆತು 2019ರಲ್ಲಿ ಐವರ ಸಮಿತಿಯನ್ನು ಚುನಾಯಿಸಿಕೊಂಡರು. ತಂದೆಯಿಲ್ಲದ ಮನೆ ಒಡೆಯಲಿಲ್ಲ, ಪಂಚಾಯಿತಿಯಾಯಿತು.

ಆ ತರುಣನು ಈಗ ತನ್ನ ವಾದವನ್ನು ಬರೆಯುತ್ತಿದ್ದಾನೆ. "ಒಪ್ಪುತ್ತಾರೆಯೇ?" ಎಂದು ಕೇಳಿದೆ. "ಗೊತ್ತಿಲ್ಲ ಸಾರ್. ತಿರಸ್ಕರಿಸಿದರೂ ಕಾರಣ ಹೇಳಿ, ಕಾದಿಡುತ್ತಾರಲ್ಲ!" ಎಂದ. ಒತ್ತಕ್ಷರದ ಉದಾಹರಣೆಗಳನ್ನು ಹತ್ತಾರು ಕೇಳಿ ಬರೆದುಕೊಂಡ. ಹದಿಮೂರು ವರ್ಷ ಪಾಠ ಹೇಳಿದ್ದೇನೆ. ಸಂಯುಕ್ತಾಕ್ಷರವನ್ನು ಇಷ್ಟು ಆಸಕ್ತಿಯಿಂದ ಕೇಳಿದ ಶಿಷ್ಯನನ್ನು ಕಂಡಿರಲಿಲ್ಲ.

ಮೆಟ್ಟಿಲಿಳಿದು ಬೀದಿಗೆ ಬಂದಾಗ ದೀಪಗಳು ಹತ್ತಿದ್ದವು. ಕಮ್ಮನಹಳ್ಳಿಯ ಸಂತೆಯಲ್ಲಿ ಎಲ್ಲ ಭಾಷೆಗಳೂ ಒಟ್ಟಿಗೆ ಮಾತನಾಡುತ್ತಿದ್ದವು. ಅಲ್ಲಿ ಕನ್ನಡವೂ ಕೇಳಿಸುತ್ತಿತ್ತು, ಆಡುವವರು ಇದ್ದರು ಎಂಬ ಕಾರಣದಿಂದ.