ವಿಚ್ಛೇದನ ದಂಪತಿಗೆ, ಮಕ್ಕಳಿಗಲ್ಲ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಜಗಳ ನ್ಯಾಯಾಲಯದ ಮೆಟ್ಟಿಲೇರಿದಾಗ ಕೂಸು ಬಡವಾಗದಂತೆ ನೋಡಿಕೊಳ್ಳಲು ಕಾನೂನಿನಲ್ಲಿ ಏನೇನು ದಾರಿಗಳಿವೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಹೀಗಾಗಿ ವಕೀಲರನ್ನು ಕಾಣುವ ಮೊದಲೇ ಅವರಿವರ ಮಾತು ಕೇಳಿ ತಂದೆ ಶಾಲೆಯ ಫೀಸು ಕಟ್ಟುವುದನ್ನು ನಿಲ್ಲಿಸುತ್ತಾನೆ. ತಾಯಿ ಮಗುವನ್ನು ತಂದೆಗೆ ತೋರಿಸುವುದನ್ನು ನಿಲ್ಲಿಸುತ್ತಾಳೆ. ಹತ್ತನೆಯ ತರಗತಿಯಲ್ಲಿರುವ ಹುಡುಗ ಪಾಠ ಕೇಳುವ ಬದಲು, ಮುಂದಿನ ವರ್ಷ ತಾನು ಯಾವ ಊರಿನಲ್ಲಿರುತ್ತೇನೋ ಎಂದು ಯೋಚಿಸುತ್ತಾ ಕೂರುತ್ತಾನೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ವಿಚ್ಛೇದನದ ಡಿಕ್ರಿ ಕೊನೆಗೊಳಿಸುವುದು ಮದುವೆಯನ್ನು ಮಾತ್ರ. ತಂದೆ ತಂದೆಯಾಗಿಯೇ, ತಾಯಿ ತಾಯಿಯಾಗಿಯೇ ಉಳಿಯುತ್ತಾರೆ. ವಿಚ್ಛೇದನವಾದ ಮೇಲೆ ಗಂಡ-ಹೆಂಡತಿ ಒಬ್ಬರಿಗೊಬ್ಬರು ವಾರಸುದಾರರಲ್ಲ. ಆದರೆ ಮಕ್ಕಳು ಇಬ್ಬರಿಗೂ ವಾರಸುದಾರರೇ.

ಎರಡು ದಾರಿಗಳು

1955ರ ಹಿಂದೂ ವಿವಾಹ ಕಾಯಿದೆಯಡಿ ವಿಚ್ಛೇದನಕ್ಕೆ ಎರಡು ದಾರಿಗಳಿವೆ. ಒಂದು, ಕ್ರೌರ್ಯ, ಪರಿತ್ಯಾಗ ಮುಂತಾದ ಕಾರಣಗಳನ್ನು ಸಾಕ್ಷ್ಯಸಹಿತ ರುಜುವಾತುಪಡಿಸುವುದು. ಇದು ವರ್ಷಗಟ್ಟಲೆ ಎಳೆಯಬಹುದು. ಇನ್ನೊಂದು, 1976ರಲ್ಲಿ ಸೇರ್ಪಡೆಯಾದ ಪರಸ್ಪರ ಸಮ್ಮತಿಯ ವಿಚ್ಛೇದನ. ದಂಪತಿ ಕನಿಷ್ಠ ಒಂದು ವರ್ಷ ಬೇರೆಯಾಗಿದ್ದರೆ ಇಬ್ಬರೂ ಸೇರಿ ಅರ್ಜಿ ಹಾಕಬಹುದು. ಅರ್ಜಿಯ ನಂತರ ಆರು ತಿಂಗಳು ಕಾಯಬೇಕು. ರಾಜಿಯ ಸಾಧ್ಯತೆಯೇ ಇಲ್ಲದಿದ್ದು, ಮಕ್ಕಳ ಹಾಗೂ ಹಣದ ವಿಚಾರ ಇತ್ಯರ್ಥವಾಗಿದ್ದರೆ ಈ ಆರು ತಿಂಗಳನ್ನು ನ್ಯಾಯಾಲಯ ಮನ್ನಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಕ್ರೈಸ್ತರಿಗೆ ಪರಸ್ಪರ ಸಮ್ಮತಿಯ ಅವಕಾಶ ದೊರೆತದ್ದು 2001ರ ತಿದ್ದುಪಡಿಯಿಂದ.

ಇಂತಹ ಅರ್ಜಿಗೆ ಸಹಿ ಹಾಕುವ ಮುನ್ನ ಒಪ್ಪಂದದಲ್ಲಿ ಮಕ್ಕಳ ಬಗ್ಗೆ ಏನು ಬರೆದಿದೆ ಎಂದು ಎರಡು ಸಲ ಓದಿ. ಮಗು ಯಾರ ಬಳಿ ಇರುತ್ತದೆ, ದಸರೆ ಮತ್ತು ಬೇಸಿಗೆ ರಜೆ ಯಾರೊಡನೆ, ಫೀಸು ಯಾರು ಯಾವ ತಾರೀಖಿನೊಳಗೆ ಕಟ್ಟಬೇಕು, ಕಾಯಿಲೆ ಬಿದ್ದರೆ ಖರ್ಚು ಯಾರದು, ವರ್ಷ ವರ್ಷ ಮೊತ್ತ ಎಷ್ಟು ಏರಬೇಕು, ಇವೆಲ್ಲ ಸ್ಪಷ್ಟವಾಗಿರಬೇಕು. ‘ಮುಂದೆ ನೋಡಿಕೊಳ್ಳೋಣ’ ಎಂದು ಬಿಟ್ಟ ವಿಷಯಗಳೇ ಮುಂದಿನ ವ್ಯಾಜ್ಯಗಳಾಗುತ್ತವೆ.

ಮಗು ಯಾರ ಬಳಿ?

ಹಣವಿದ್ದವರಿಗೇ ಮಗು ಸಿಗುತ್ತದೆ, ಗಂಡು ಮಗುವಾದರೆ ತಂದೆಗೇ ಸೇರಬೇಕು ಎಂಬ ಮಾತುಗಳು ಊರಿನಲ್ಲಿ ಕೇಳಿಬರುತ್ತವೆ. ಎರಡೂ ತಪ್ಪು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಐದು ತುಂಬಿದೊಡನೆ ಅದು ತಾನಾಗಿಯೇ ತಂದೆಗೆ ಹೋಗುವುದೂ ಇಲ್ಲ. ನ್ಯಾಯಾಲಯ ಮುಖ್ಯವಾಗಿ ನೋಡುವುದು ಮಗುವಿನ ಹಿತವನ್ನು. ಮಕ್ಕಳು ಹೆತ್ತವರ ಸೊತ್ತೂ ಅಲ್ಲ, ಆಟದ ಗೊಂಬೆಗಳೂ ಅಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಹೇಳಿದೆ.

ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ಪರಿಗಣಿಸಲು 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯಲ್ಲಿ ಅವಕಾಶವಿದೆ. ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆದು ಮಗುವಿನೊಡನೆ ಮಾತನಾಡಬಹುದು. ಆದರೆ ತೀರ್ಮಾನ ಮಗುವಿನದಲ್ಲ, ನ್ಯಾಯಾಲಯದ್ದು. ಆದ್ದರಿಂದ ‘ಹೀಗೆ ಹೇಳು’ ಎಂದು ಮಗುವಿಗೆ ಬಾಯಿಪಾಠ ಮಾಡಿಸಬೇಡಿ. ಅದರ ಹೊರೆ ಎಳೆಯ ಮನಸ್ಸಿನ ಮೇಲೆ ಬೀಳುತ್ತದೆ.

ಮಗು ಒಬ್ಬರ ಸುಪರ್ದಿಯಲ್ಲಿದ್ದರೂ ಇನ್ನೊಬ್ಬರ ಪ್ರೀತಿಯಿಂದ ಅದನ್ನು ವಂಚಿಸಬಾರದು. ನೇರ ಭೇಟಿಯ ಜೊತೆಗೆ ದೂರವಾಣಿ, ವಿಡಿಯೋ ಕರೆಗಳ ಮೂಲಕ ಸಂಪರ್ಕವೂ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತಿಳಿಸಿದೆ. ತಾಯಿಯೂ ಸಹಜ ಪಾಲಕಿಯಾಗಬಲ್ಲಳು, ಅದಕ್ಕೆ ತಂದೆ ತೀರಿಕೊಂಡಿರಬೇಕೆಂದಿಲ್ಲ ಎಂಬುದು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ತೀರ್ಮಾನವಾಯಿತು.

ಹಣದ ವಿಚಾರ

ಕಾಲಾವಧಿ ಎಷ್ಟೇ ಇರಲಿ, ಪ್ರಕರಣ ಮುಗಿಯುವ ತನಕ ಮಕ್ಕಳು ಉಪವಾಸವಿರಲಾಗದು. ಆದ್ದರಿಂದಲೇ ಮಧ್ಯಂತರ ಜೀವನಾಂಶಕ್ಕೆ ಅವಕಾಶವಿದೆ. ವಿಚ್ಛೇದನದ ಅರ್ಜಿಯನ್ನೇ ಹಾಕದವರೂ ಜೀವನಾಂಶ ಕೇಳಬಹುದು. ದಂಡ ಪ್ರಕ್ರಿಯಾ ಸಂಹಿತೆಯ ಪ್ರಸಿದ್ಧ 125ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಮಗು ಯಾವ ಧರ್ಮದ್ದೇ ಆಗಿರಲಿ, ಅದು ಅನ್ವಯಿಸುತ್ತದೆ.

2020ರ ರಜನೀಶ್-ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಗಂಡ, ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದೂ ಆ ತೀರ್ಪು ಹೇಳುತ್ತದೆ. ಹೀಗಿರುವಾಗ ಲೆಕ್ಕವೇ ಆಧಾರ. ಪ್ರಯೋಗಶಾಲೆಯ ದಾಖಲೆ ಪುಸ್ತಕದಂತೆ ಫೀಸು, ಪುಸ್ತಕ, ಬಸ್ಸು, ಔಷಧಿಯ ಖರ್ಚನ್ನು ತಾರೀಖು ಸಹಿತ ಬರೆದಿಡಿ, ರಸೀದಿಗಳನ್ನು ಕಾಪಾಡಿ.

ತಾಯಿ ‘ನನಗೇನೂ ಬೇಡ’ ಎಂದು ಬರೆದುಕೊಟ್ಟರೂ ಮಗುವಿನ ಹಕ್ಕು ಹೋಗುವುದಿಲ್ಲ, ಅದು ಮಗುವಿನದು. ಫೀಸು ಕಟ್ಟಲಿಲ್ಲವೆಂದು ಭೇಟಿ ತಡೆಯುವುದು, ಭೇಟಿ ಕೊಡಲಿಲ್ಲವೆಂದು ಫೀಸು ತಡೆಯುವುದು ಎರಡೂ ಸರಿಯಲ್ಲ. ಎರಡಕ್ಕೂ ನ್ಯಾಯಾಲಯದಲ್ಲಿಯೇ ಪರಿಹಾರ ಕೇಳಬೇಕು.

ಇನ್ನೊಂದು ಸೂಕ್ಷ್ಮವನ್ನು ಪೋಷಕರು ಗಮನಿಸಬೇಕು. 144ನೆಯ ಕಲಮಿನ ಜೀವನಾಂಶ ಸಾಮಾನ್ಯವಾಗಿ 18 ವರ್ಷಕ್ಕೆ ಮುಗಿಯುತ್ತದೆ. ಪಿಯುಸಿ ಮುಗಿದು ಪದವಿಯ ದೊಡ್ಡ ಖರ್ಚು ಆರಂಭವಾಗುವುದೂ ಅದೇ ವಯಸ್ಸಿಗೆ! ಅವಿವಾಹಿತ ಮಗಳು ಸ್ವಂತ ಆದಾಯವಿಲ್ಲದಿದ್ದರೆ 1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯಡಿ ಕೇಳಬಹುದು. ಮಗನಿಗೆ ಅಷ್ಟು ಸುಲಭವಿಲ್ಲ. ಆದ್ದರಿಂದ ಪದವಿ ಮುಗಿಯುವ ತನಕದ ಖರ್ಚನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಿ.

ಜಂಟಿಯಾಗಿ ತೆಗೆದ ಮನೆ ಸಾಲ ವಿಚ್ಛೇದನವಾದರೂ ಜಂಟಿ ಸಾಲವೇ. ಬ್ಯಾಂಕು ಇಬ್ಬರನ್ನೂ ಕೇಳಬಹುದು. ಜಂಟಿ ಖಾತೆ, ವಿಮೆ, ಭವಿಷ್ಯನಿಧಿಗಳಲ್ಲಿ ಯಾರ ಹೆಸರು ನಮೂದಾಗಿದೆ ಎಂದು ಪರಿಶೀಲಿಸಿ. ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಪ್ರತಿ ಇಬ್ಬರ ಬಳಿಯೂ ಇರಲಿ. ಜಗಳದಲ್ಲಿ ಇವನ್ನು ಬಚ್ಚಿಟ್ಟರೆ ತಪ್ಪುವುದು ಮಗುವಿನ ಪ್ರವೇಶ, ವಿದ್ಯಾರ್ಥಿವೇತನ.

ನೆರವು ಎಲ್ಲಿ?

ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಿರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ಜಿಲ್ಲಾ ಪ್ರಾಧಿಕಾರ ಅಥವಾ ತಾಲೂಕು ಸಮಿತಿಯನ್ನು ವಿಚಾರಿಸಿ, ಸಹಾಯವಾಣಿ 15100. ಕೌಟುಂಬಿಕ ನ್ಯಾಯಾಲಯಗಳು ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು 1984ರ ಕಾಯಿದೆಯೇ ಹೇಳುತ್ತದೆ. ಮತ್ತೆ ಒಂದಾಗಲು ಆಗದಿದ್ದರೂ ಮಕ್ಕಳ ವಿಷಯದಲ್ಲಾದರೂ ಒಮ್ಮತಕ್ಕೆ ಬರಲು ಆ ಅವಕಾಶ ಬಳಸಿಕೊಳ್ಳಬಹುದು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಅಪ್ಪ-ಅಮ್ಮ ಬೇರೆಯಾಗುವುದಕ್ಕೆ ನೀವು ಕಾರಣರಲ್ಲ. ಇಬ್ಬರಲ್ಲಿ ಒಬ್ಬರನ್ನೇ ಪ್ರೀತಿಸಬೇಕೆಂಬ ಕಾನೂನೂ ಇಲ್ಲ. ನ್ಯಾಯಾಧೀಶರು ಕೇಳಿದರೆ ನಿಮಗೆ ಅನಿಸಿದ್ದನ್ನು ನಿರ್ಭಯವಾಗಿ ಹೇಳಿ. ಮನಸ್ಸು ಭಾರವಾದಾಗ ನಂಬಿಕೆಯ ಶಿಕ್ಷಕರೊಬ್ಬರಿಗೆ ತಿಳಿಸಿ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಫೀಸು, ಭೇಟಿ, ರಜೆಗಳ ಲೆಕ್ಕ ದೊಡ್ಡವರ ಕೆಲಸ. ನಿಮ್ಮ ಕೆಲಸ ಓದು.